ಮನೆಯ ಬಿಪಿ ಯಂತ್ರ: ಹದಿನಾಲ್ಕು ತಿಂಗಳ ಬಳಕೆಯ ನಂತರ

ಹೋದ ವರ್ಷ ಯುಗಾದಿ ಕಳೆದ ವಾರದಲ್ಲಿ, ಎಪ್ಪತ್ತೊಂದು ವರ್ಷದ ನಮ್ಮ ಅಮ್ಮನಿಗಾಗಿ, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಡಿಜಿಟಲ್ ಯಂತ್ರವೊಂದನ್ನು ಕೊಂಡು ತಂದೆ. ಬೆಲೆ ಎರಡು ಸಾವಿರ ರೂಪಾಯಿಯ ಆಸುಪಾಸು. ಯಾವ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೂ ಸಿಗುವ ಸಾಧಾರಣ ಮಾದರಿ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಬೇಕೆಂದಿರುವುದು ಈ ಬಗೆಯ ಎಲ್ಲ ಯಂತ್ರಗಳಿಗೂ ಹೆಚ್ಚುಕಡಿಮೆ ಒಪ್ಪುತ್ತದೆ. ಈ ಹದಿನಾಲ್ಕು ತಿಂಗಳಲ್ಲಿ ಮನೆಯವರು, ಅಕ್ಕಪಕ್ಕದವರು, ಹಬ್ಬಕ್ಕೆ ಬಂದ ನೆಂಟರು ಎಲ್ಲರೂ ಇದನ್ನು ಬಳಸಿದ್ದಾರೆ. ಯಂತ್ರದ ಮೇಲೆ ನನಗೆ ಪೂರ್ಣ ಭರವಸೆ ಬಂದಿದೆ. ಆದರೆ ಆ ಭರವಸೆ ಬರಲು ನಾಲ್ಕು ತಿಂಗಳು ಹಿಡಿಯಿತು. ತಡವಾದದ್ದಕ್ಕೆ ಯಂತ್ರ ಕಾರಣವಲ್ಲ, ಅದರ ಬಗ್ಗೆಯೂ ಬಿಪಿಯ ಬಗ್ಗೆಯೂ ನಮ್ಮ ತಲೆಯಲ್ಲಿ ಮೊದಲೇ ಬೇರೂರಿದ್ದ ತಪ್ಪು ತಿಳಿವಳಿಕೆಗಳು ಕಾರಣ. ಆದ್ದರಿಂದ ಈ ವಿಮರ್ಶೆಯಲ್ಲಿ ಯಂತ್ರದ ಗುಣದೋಷಗಳ ಜೊತೆಗೆ ಅವುಗಳನ್ನೂ ಬರೆಯಲೇಬೇಕಾಗಿದೆ.

ಪೆಟ್ಟಿಗೆಯೊಳಗೆ ಅಂಗೈಗಿಂತ ತುಸು ದೊಡ್ಡದಾದ ಬಿಳಿಯ ಯಂತ್ರ, ರಬ್ಬರ್ ಕೊಳವೆಯಿರುವ ಬಟ್ಟೆಯ ತೋಳುಪಟ್ಟಿ, ನಾಲ್ಕು ಪೆನ್ಸಿಲ್ ಸೆಲ್‌ಗಳು ಮತ್ತು ಕನ್ನಡವಿಲ್ಲದ ಒಂದು ಕೈಪಿಡಿ ಇರುತ್ತವೆ. ಪಟ್ಟಿಯನ್ನು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಸುತ್ತಿ ಗುಂಡಿ ಒತ್ತಿದರೆ ಗುಂಯ್ ಎನ್ನುತ್ತ ಗಾಳಿ ತುಂಬಿಕೊಳ್ಳುತ್ತದೆ, ತೋಳನ್ನು ಬಿಗಿಯಾಗಿ ಹಿಂಡುತ್ತದೆ, ಆಮೇಲೆ ನಿಧಾನವಾಗಿ ಸಡಿಲವಾಗುತ್ತದೆ. ಒಂದು ನಿಮಿಷದೊಳಗೆ ಮೂರು ಸಂಖ್ಯೆಗಳು ಮೂಡುತ್ತವೆ: ಹೃದಯ ಕುಗ್ಗಿ ರಕ್ತವನ್ನು ನೂಕುವಾಗಿನ ಮೇಲಿನ ಒತ್ತಡ, ಹೃದಯ ಸಡಿಲಗೊಂಡಾಗಿನ ಕೆಳಗಿನ ಒತ್ತಡ, ಕೊನೆಗೆ ನಾಡಿಬಡಿತ. ಕಣ್ಣು ಮಂಜಾದ ಅಮ್ಮನಿಗೂ ಅಂಕಿಗಳು ಒಂದು ಮಾರು ದೂರದಿಂದ ಕಾಣುವಷ್ಟು ದೊಡ್ಡದಾಗಿವೆ. ರಾತ್ರಿ ದೀಪ ಆರಿಸಿದ ಮೇಲೆ ಮಾತ್ರ ಕಾಣುವುದಿಲ್ಲ, ಪರದೆಗೆ ಹಿಂಬದಿಯ ಬೆಳಕಿಲ್ಲ.

ತಂದ ದಿನವೇ ಬಂದ ಆಕ್ಷೇಪ, "ಡಿಜಿಟಲ್ ಯಂತ್ರ ಸುಳ್ಳು ಹೇಳುತ್ತದೆ, ಡಾಕ್ಟರ ಬಳಿಯ ಪಾದರಸದ್ದೇ ಸರಿ" ಎನ್ನುವುದು. ಇದನ್ನು ಹೇಳದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಪಾದರಸದ ಕಂಬದ ಮೇಲಿನ ಗೌರವಕ್ಕೆ ಒಳ್ಳೆಯ ಕಾರಣವೇ ಇದೆ. 1896ರಲ್ಲಿ ಇಟಲಿಯ ವೈದ್ಯ ಷಿಪಿಯೋನೆ ರಿವಾ ರೊಚ್ಚಿ ತೋಳಿಗೆ ಗಾಳಿಪಟ್ಟಿ ಕಟ್ಟಿ ಪಾದರಸದ ಕಂಬದಲ್ಲಿ ಒತ್ತಡ ಅಳೆಯುವ ಸಾಧನವನ್ನು ರೂಪಿಸಿದರು. 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕೊವ್ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ರಕ್ತನಾಳದ ಸದ್ದು ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಆಲಿಸುವ ಕ್ರಮವನ್ನು ತೋರಿಸಿಕೊಟ್ಟರು. ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ವೈದ್ಯಕೀಯ ಜ್ಞಾನ ನಿಂತಿದ್ದು ಈ ಜೋಡಿಯ ಮೇಲೆ. ಇಂದಿಗೂ ನಾವು ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲೇ ಎಣಿಸುತ್ತೇವೆ.

ಆದರೆ ಪಾದರಸ ಸುಳ್ಳು ಹೇಳದಿದ್ದರೂ ಅದನ್ನು ಓದುವ ಮನುಷ್ಯ ತಪ್ಪಬಲ್ಲ. ಪಾದರಸದ ಅಳತೆಪಟ್ಟಿಯಲ್ಲಿ ಎರಡೆರಡು ಮಿಲಿಮೀಟರಿಗೆ ಗೆರೆಗಳಿವೆ. ಹಾಗಾಗಿ 0, 2, 4, 6, 8 ಎಂಬ ಐದೂ ಕೊನೆಯ ಅಂಕಿಗಳು ಸಮನಾಗಿ ಬರಬೇಕು. ಅಮ್ಮನ ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ನೋಡಿದೆ: 140/90, 150/90, 130/80, 140/80, ಮತ್ತೆ 140/90. ಎಂಟು ವರ್ಷದ ಚೀಟಿಗಳಲ್ಲಿ ಸೊನ್ನೆಯಿಂದ ಮುಗಿಯದ ಅಳತೆ ಬೆರಳೆಣಿಕೆಯಷ್ಟು ಮಾತ್ರ. ವೈದ್ಯಕೀಯದಲ್ಲಿ ಇದು ಬಹಳ ಹಿಂದೆಯೇ ಗುರುತಿಸಲ್ಪಟ್ಟ ದೋಷ. ಅವಸರದ ಕಣ್ಣು ಹತ್ತಿರದ ದುಂಡು ಸಂಖ್ಯೆಗೆ ಜಾರುತ್ತದೆ. 144 ಇದ್ದದ್ದು 140 ಆದರೆ ಮಾತ್ರೆ ಬದಲಾಗುವುದಿಲ್ಲ, 136 ಇದ್ದದ್ದು 140 ಆದರೆ ಬದಲಾಗಿಬಿಡಬಹುದು. ಯಂತ್ರಕ್ಕೆ ಸೊನ್ನೆಯ ಮೋಹವಿಲ್ಲ, ಅದು 137 ಇದ್ದರೆ 137 ಎಂದೇ ಬರೆಯುತ್ತದೆ. ಸಾಲದ್ದಕ್ಕೆ ಪಾದರಸ ಎಂಬುದು ವಿಷ. 2013ರ ಮಿನಮಾಟಾ ಒಪ್ಪಂದದ ಪ್ರಕಾರ 2020ರ ಹೊತ್ತಿಗೆ ಪಾದರಸದ ಬಿಪಿ ಸಾಧನಗಳ ತಯಾರಿಕೆಯನ್ನು ನಿಲ್ಲಿಸಬೇಕೆಂದು ರಾಷ್ಟ್ರಗಳು ಒಪ್ಪಿಕೊಂಡಿದ್ದವು. ಆಸ್ಪತ್ರೆಗಳಲ್ಲೂ ಅದು ಮೂಲೆ ಸೇರುತ್ತಿರುವುದಕ್ಕೆ ಇದೇ ಕಾರಣ.

ನಮ್ಮ ಯಂತ್ರ ಸದ್ದನ್ನು ಕೇಳುವುದೇ ಇಲ್ಲ. ಪಟ್ಟಿಯೊಳಗಿನ ಗಾಳಿ ಇಳಿಯುತ್ತ ಬಂದಂತೆ ರಕ್ತನಾಳದ ಪ್ರತಿ ಬಡಿತವೂ ಆ ಗಾಳಿಯಲ್ಲಿ ಸಣ್ಣ ಕಂಪನವನ್ನು ಎಬ್ಬಿಸುತ್ತದೆ. ಕಂಪನ ಮೊದಲು ಏರಿ, ಒಂದು ಕಡೆ ಗರಿಷ್ಠವಾಗಿ, ಮತ್ತೆ ಇಳಿಯುತ್ತದೆ. ಗರಿಷ್ಠವಾಗುವ ಜಾಗವೇ ಸರಾಸರಿ ಒತ್ತಡ. ಮೇಲಿನ ಮತ್ತು ಕೆಳಗಿನ ಸಂಖ್ಯೆಗಳನ್ನು ಯಂತ್ರ ಆ ಏರಿಳಿತದ ಆಕಾರದಿಂದ ಲೆಕ್ಕ ಹಾಕಿ ತೆಗೆಯುತ್ತದೆ. ಲೆಕ್ಕದ ಸೂತ್ರ ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದಲೇ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ 85 ಜನರ ಮೇಲೆ, ತರಬೇತಾದ ಪರೀಕ್ಷಕರು ಆಲಿಸಿ ಅಳೆದ ಸಂಖ್ಯೆಗಳ ಜೊತೆ ಹೋಲಿಸಿ, ಸರಾಸರಿ ವ್ಯತ್ಯಾಸ 5 ಮಿಲಿಮೀಟರ್ ಮೀರದಿದ್ದರೆ ಮಾತ್ರ ಒಂದು ಮಾದರಿ ತೇರ್ಗಡೆಯಾಗುತ್ತದೆ. ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಅದು ಡಿಜಿಟಲ್ಲೋ ಪಾದರಸವೋ ಎನ್ನುವುದಲ್ಲ, ಆ ಮಾದರಿ ಈ ಪರೀಕ್ಷೆಯಲ್ಲಿ ಗೆದ್ದಿದೆಯೇ ಎನ್ನುವುದು. ಇದನ್ನು ಮಾದರಿ ಸಂಖ್ಯೆ ಹಿಡಿದೇ ನೋಡಬೇಕು, ಕಂಪನಿಯ ಹೆಸರು ಸಾಲದು. ನಾವು ಇದನ್ನು ಒಮ್ಮೆ ವೈದ್ಯರ ಬಳಿಗೇ ಹೊತ್ತುಕೊಂಡು ಹೋದೆವು. ಅವರು ಅಳೆದ ಎರಡು ನಿಮಿಷಕ್ಕೆ ಅದೇ ತೋಳಿನಲ್ಲಿ ನಾವು ಅಳೆದಾಗ 4 ಮಿಲಿಮೀಟರ್ ವ್ಯತ್ಯಾಸ ಬಂತು. ಅಷ್ಟು ಸಾಕು.

ಹಾಗಿದ್ದರೂ ಮೊದಲ ತಿಂಗಳುಗಳಲ್ಲಿ ಸಂಖ್ಯೆಗಳು ಹುಚ್ಚುಹುಚ್ಚಾಗಿ ಬರುತ್ತಿದ್ದವು. ಒಂದು ಬೆಳಿಗ್ಗೆಯ ಚಿತ್ರ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಆಗಷ್ಟೇ ರಂಗೋಲಿ ಇಟ್ಟು, ಕಾಫಿ ಕುಡಿದು ಒಳಗೆ ಬಂದವರು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತರು. ಬೆನ್ನಿಗೆ ಆಸರೆಯಿಲ್ಲ. ಕೈ ತೊಡೆಯ ಮೇಲೆ. ಪಟ್ಟಿಯನ್ನು ರವಿಕೆಯ ತೋಳಿನ ಮೇಲೆಯೇ ಸುತ್ತಿದ್ದೆ. ಗಾಳಿ ತುಂಬುತ್ತಿರುವಾಗ ಹಿತ್ತಲಿನಿಂದ ಪಕ್ಕದ ಮನೆಯವರು ಕೂಗಿ ಕರಿಬೇವು ಕೇಳಿದರು, ಅಮ್ಮ ಅಲ್ಲಿಂದಲೇ ಉತ್ತರಿಸಿದರು. ಬಂದದ್ದು 158/92. ಗಾಬರಿಯಾಗಿ ವೈದ್ಯರಿಗೆ ಫೋನ್ ಮಾಡಿದೆ. ಅವರು ಔಷಧಿಯ ಮಾತನ್ನೇ ಎತ್ತದೆ, ಅಮ್ಮ ಹೇಗೆ ಕುಳಿತಿದ್ದರು ಎಂದು ಒಂದೊಂದಾಗಿ ಕೇಳಿದರು. ಕಾಫಿ ಕುಡಿದು ಅರ್ಧ ಗಂಟೆಯಾದ ಮೇಲೆ, ಮೂತ್ರ ವಿಸರ್ಜನೆ ಮಾಡಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ, ಪಾದಗಳನ್ನು ನೆಲಕ್ಕೆ ಊರಿಸಿ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇರಿಸಿ, ಐದು ನಿಮಿಷ ಮಾತಿಲ್ಲದೆ ಬಿಡಿ ಎಂದರು. ಹಾಗೆಯೇ ಮಾಡಿದೆವು. 136/82 ಬಂತು. ಒಂದೇ ಬೆಳಿಗ್ಗೆ, ಒಂದೇ ತೋಳು, ಒಂದೇ ಯಂತ್ರ.

ಇದರಲ್ಲಿ ಕೈ ಇಡುವ ಎತ್ತರದ ಲೆಕ್ಕವನ್ನು ಯಾರೂ ನಮಗೆ ಹೇಳಿರಲಿಲ್ಲ. ಪಟ್ಟಿ ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ, ಅಷ್ಟು ಎತ್ತರದ ರಕ್ತದ ಭಾರವೇ ಏಳೆಂಟು ಮಿಲಿಮೀಟರ್ ಒತ್ತಡವನ್ನು ಸೇರಿಸುತ್ತದೆ. ಬಾವಿಯಲ್ಲಿ ಆಳಕ್ಕೆ ಹೋದಂತೆ ನೀರಿನ ಒತ್ತಡ ಏರುವುದು ಹೇಗೋ ಇದೂ ಹಾಗೆಯೇ. ಕೈ ಕೆಳಗೆ ಜೋತುಬಿದ್ದಿದ್ದರೆ ಜಾಸ್ತಿ, ತಲೆಯ ಮೇಲೆತ್ತಿದರೆ ಕಡಿಮೆ. ಯಂತ್ರ ಯಾವುದನ್ನೂ ತಿದ್ದುವುದಿಲ್ಲ. ಈಗ ನಾವು ಊಟದ ಮೇಜಿನ ಮೇಲೆ ಮಡಚಿದ ಟವೆಲ್ ಇಟ್ಟು ಅದರ ಮೇಲೆ ಕೈ ಇಡಿಸುತ್ತೇವೆ.

ತೋಳುಪಟ್ಟಿಯ ವಿಷಯದಲ್ಲಿ ನನಗೆ ಇನ್ನೂ ಬೇಸರವಿದೆ. ಜೊತೆಗೆ ಬಂದ ಪಟ್ಟಿಯ ಮೇಲೆ ಅದು 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಅಮ್ಮನ ತೋಳು 28, ತೊಂದರೆಯಿಲ್ಲ. ನನ್ನ ತಮ್ಮನ ತೋಳು 36. ಅವನಿಗೆ ಅದೇ ಪಟ್ಟಿಯನ್ನು ಎಳೆದು ಕಟ್ಟಿದಾಗ ವಾರವಿಡೀ 150ರ ಮೇಲೆಯೇ ತೋರಿಸಿತು, ಅವನು ನಿದ್ದೆ ಕೆಡಿಸಿಕೊಂಡ. ತೋಳಿಗಿಂತ ಚಿಕ್ಕದಾದ ಪಟ್ಟಿ ಒತ್ತಡವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ, ದೊಡ್ಡದಾದರೆ ಕಡಿಮೆ ತೋರಿಸುತ್ತದೆ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು ಶೇ. 80ರಷ್ಟನ್ನು ಸುತ್ತಬೇಕು. ನಾನು ಯಂತ್ರ ಕೊಂಡ ಅಂಗಡಿಯಲ್ಲಿ ಯಾರಿಗಾಗಿ ಎಂದೂ ಕೇಳಲಿಲ್ಲ, ತೋಳಿನ ಅಳತೆಯನ್ನೂ ಕೇಳಲಿಲ್ಲ. ದೊಡ್ಡ ಪಟ್ಟಿ ಬೇಕೆಂದು ಮತ್ತೆ ಹೋದಾಗ "ಇದೇ ಎಲ್ಲರಿಗೂ ಆಗುತ್ತೆ ಸರ್" ಎಂಬ ಉತ್ತರ ಸಿಕ್ಕಿತು. ಎಲ್ಲರಿಗೂ ಆಗುವುದಿಲ್ಲ. ಚಪ್ಪಲಿ ಕೊಳ್ಳುವಾಗ ಕಾಲಿನ ಅಳತೆ ನೋಡುವ ನಾವು ಇಲ್ಲಿಯೂ ಟೇಪು ಹಿಡಿಯಲೇಬೇಕು. ದೊಡ್ಡ ಪಟ್ಟಿಯನ್ನು ಬೇರೆ ಊರಿನಿಂದ ತರಿಸಿಕೊಂಡ ಮೇಲೆ ತಮ್ಮನ ಸಂಖ್ಯೆ 130ರ ಆಸುಪಾಸಿಗೆ ಬಂದು ನಿಂತಿತು.

ಮತ್ತೊಂದು ದೂರು ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ: "ಮೂರು ಸಲ ನೋಡಿದರೆ ಮೂರು ಬೇರೆ ಬೇರೆ ತೋರಿಸುತ್ತದೆ, ಯಂತ್ರ ಕೆಟ್ಟಿದೆ." ಯಂತ್ರ ಕೆಟ್ಟಿಲ್ಲ. ರಕ್ತದೊತ್ತಡ ಎತ್ತರದಂತೆ, ರಕ್ತದ ಗುಂಪಿನಂತೆ ಒಬ್ಬರಿಗೆ ಒಂದೇ ಎಂದು ನಿಂತಿರುವ ವಸ್ತುವಲ್ಲ. ಬಡಿತದಿಂದ ಬಡಿತಕ್ಕೆ, ಉಸಿರಿನಿಂದ ಉಸಿರಿಗೆ ಅದು ಏರಿಳಿಯುತ್ತದೆ, ನಿದ್ದೆಯಲ್ಲಿ ಇಳಿಯುತ್ತದೆ, ಎದ್ದ ಮೇಲೆ ಏರುತ್ತದೆ. ಮೂರೂ ಸಲ ಒಂದೇ ಸಂಖ್ಯೆ ಬರುವ ಯಂತ್ರವಿದ್ದರೆ ಅದನ್ನೇ ನಾನು ಅನುಮಾನಿಸುತ್ತೇನೆ. ಆದರೆ ಈ ಏರಿಳಿತ ಮನುಷ್ಯ ಸ್ವಭಾವದ ಒಂದು ದೌರ್ಬಲ್ಯಕ್ಕೆ ದಾರಿ ಮಾಡಿಕೊಡುತ್ತದೆ, ಅದನ್ನು ನಾನು ನನ್ನಲ್ಲಿಯೇ ಕಂಡೆ. 148 ಬಂದರೆ "ಸರಿಯಾಗಿ ಕಟ್ಟಿಲ್ಲ" ಎಂದು ಮತ್ತೆ ಅಳೆಯುತ್ತಿದ್ದೆ. 129 ಬಂದರೆ ಅಲ್ಲಿಗೇ ನಿಲ್ಲಿಸಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಬೇಕಾದ ಸಂಖ್ಯೆ ಸಿಗುವ ತನಕ ಅಳೆದು ಸಿಕ್ಕಿದ್ದನ್ನು ನಿಜವೆಂದು ನಂಬುವುದು ಅಮ್ಮನಿಗೆ ನಾನು ಮಾಡುತ್ತಿದ್ದ ಅನ್ಯಾಯವಾಗಿತ್ತು. ವೈದ್ಯರು ಹೇಳಿಕೊಟ್ಟ ಕ್ರಮ ಸರಳವಾಗಿದೆ: ತೋರಿಸಲು ಹೋಗುವ ಮುಂಚಿನ ಏಳು ದಿನ, ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆದು ಬಂದದ್ದನ್ನೆಲ್ಲ ಬರೆಯುವುದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುವುದು. ಆ ಸರಾಸರಿ 135/85 ದಾಟಿದರೆ ಹೆಚ್ಚು ಎಂದು ಲೆಕ್ಕ. ಆಸ್ಪತ್ರೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಡಿ 140/90. ಮನೆಯಲ್ಲಿ ಮನಸ್ಸು ನಿರಾಳವಾಗಿರುವುದರಿಂದ ಗಡಿಯೂ ತುಸು ಕೆಳಗಿದೆ. ಅಮೆರಿಕದ ವೈದ್ಯರ ಸಂಘಗಳು 2017ರಲ್ಲಿ ಆಸ್ಪತ್ರೆಯ ಗಡಿಯನ್ನು 130/80ಕ್ಕೆ ಇಳಿಸಿವೆ.

ಆಸ್ಪತ್ರೆಯಲ್ಲಿ ಏರುವ ಬಿಪಿಯ ಬಗ್ಗೆ ಎರಡು ಮಾತು ಹೇಳಬೇಕು. ಬಿಳಿ ಕೋಟನ್ನು ಕಂಡೊಡನೆ ಒತ್ತಡ ಏರುವವರು ಬಹಳ ಮಂದಿ, ಅದು ನಾಟಕವೂ ಅಲ್ಲ, ಪುಕ್ಕಲುತನವೂ ಅಲ್ಲ. ಇದಕ್ಕೆ ವಿರುದ್ಧವಾಗಿ, ಆಸ್ಪತ್ರೆಯಲ್ಲಿ ಸರಿಯಾಗಿದ್ದು ಮನೆಯಲ್ಲಿ, ಕೆಲಸದ ಜಾಗದಲ್ಲಿ ಏರುವವರೂ ಇದ್ದಾರೆ. ಮರೆಯಲ್ಲಿರುವ ಈ ಎರಡನೆಯ ಬಗೆಯೇ ಹೆಚ್ಚು ಅಪಾಯದ್ದು. ಎರಡನ್ನೂ ಹಿಡಿಯುವುದು ಮನೆಯ ಯಂತ್ರ. ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಇದೊಂದೇ ಸಾರ್ಥಕತೆ ಸಾಕು.

"ನನಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಬಿಪಿ ಹೇಗೆ ಇರುತ್ತದೆ?" ಎಂದು ಕೇಳಿ ಯಂತ್ರದ ಮುಂದೆ ಕೂರಲು ಒಪ್ಪದವರೇ ನಮ್ಮ ನೆಂಟರಲ್ಲಿ ಹೆಚ್ಚು. ಈ ನಂಬಿಕೆಯಷ್ಟು ಜೀವ ತೆಗೆದದ್ದು ಬೇರೊಂದಿಲ್ಲವೆಂದು ನನಗನ್ನಿಸುತ್ತದೆ. ಹೆಚ್ಚಿನ ರಕ್ತದೊತ್ತಡ ಬಹುಪಾಲು ಜನರಲ್ಲಿ ಏನನ್ನೂ ತೋರಿಸಿಕೊಳ್ಳುವುದಿಲ್ಲ. ಸದ್ದಿಲ್ಲದೆ ಹೃದಯ, ಮೂತ್ರಪಿಂಡ, ಕಣ್ಣು, ಮೆದುಳಿನ ರಕ್ತನಾಳಗಳನ್ನು ಸವೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದಂತೆ 30ರಿಂದ 79 ವಯಸ್ಸಿನ ಸುಮಾರು 128 ಕೋಟಿ ಜನರಿಗೆ ಇದು ಇತ್ತು, ಅವರಲ್ಲಿ ಶೇ. 46ರಷ್ಟು ಮಂದಿಗೆ ಅದು ಗೊತ್ತೇ ಇರಲಿಲ್ಲ. ನಮ್ಮ ದೇಶದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಶೇ. 21, ಗಂಡಸರಲ್ಲಿ ಶೇ. 24 ಮಂದಿಗೆ ಒತ್ತಡ ಹೆಚ್ಚಿತ್ತು, ಇಲ್ಲವೇ ಅವರು ಅದಕ್ಕೆ ಮಾತ್ರೆ ನುಂಗುತ್ತಿದ್ದರು. ದೀಪಾವಳಿಗೆ ಬಂದ ನನ್ನ ಸೋದರಮಾವ ಸುಮ್ಮನೆ ಕುತೂಹಲಕ್ಕೆ ಕೈ ಚಾಚಿದರು, 172/104 ಬಂತು. ಅರ್ಧ ಗಂಟೆ ಬಿಟ್ಟು ಅಳೆದಾಗ 168. ಆ ಬೆಳಿಗ್ಗೆ ಅವರು ಒಬ್ಬರೇ ತೆಂಗಿನಕಾಯಿ ಮೂಟೆ ಇಳಿಸಿದ್ದರು, ಅವರಿಗೆ ಏನೂ ಆಗಿರಲಿಲ್ಲ. ಮರುದಿನವೇ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ನಮ್ಮ ದೊಡ್ಡಪ್ಪನವರ ವಾದ ಬೇರೆ. "ನೂರಕ್ಕೆ ವಯಸ್ಸು ಕೂಡಿಸು ಮಗಾ, ನನಗೀಗ ಎಂಬತ್ತೊಂದು, ನೂರ ಎಂಬತ್ತೊಂದು ಇದ್ದರೂ ಸರಿಯೇ" ಎನ್ನುತ್ತಿದ್ದರು. ಈ ಸೂತ್ರ ಅವರು ಕಟ್ಟಿದ್ದಲ್ಲ, ಹಿಂದೆ ವೈದ್ಯರೇ ಹೇಳುತ್ತಿದ್ದದ್ದು. ವಯಸ್ಸಾದಂತೆ ರಕ್ತನಾಳ ಗಡುಸಾಗುತ್ತದೆ, ಅದರೊಳಗೆ ರಕ್ತ ನೂಕಲು ಹೆಚ್ಚಿನ ಒತ್ತಡ ದೇಹಕ್ಕೆ ಬೇಕೇ ಬೇಕು ಎಂದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅನೇಕ ದೊಡ್ಡ ವೈದ್ಯರು ನಂಬಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಒತ್ತಡ ವರ್ಷಗಟ್ಟಲೆ ಏರುತ್ತಲೇ ಹೋಯಿತು. ಆಗ ಅದನ್ನು ಇಳಿಸುವ ಒಳ್ಳೆಯ ಔಷಧಿಯೂ ಇರಲಿಲ್ಲ. 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡ ದಿನ ಅವರ ವೈದ್ಯರು ದಾಖಲಿಸಿದ ಒತ್ತಡ 300/190. ಮೂರು ವರ್ಷದ ನಂತರ, 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಆರಂಭವಾದ ದೀರ್ಘ ಅಧ್ಯಯನ, ಒತ್ತಡ ಏರಿದಂತೆ ಹೃದ್ರೋಗವೂ ಪಾರ್ಶ್ವವಾಯುವೂ ಏರುತ್ತವೆ ಎಂಬುದನ್ನು ತೋರಿಸಿಕೊಟ್ಟಿತು. ಎಂಬತ್ತು ದಾಟಿದವರಿಗೆ ಚಿಕಿತ್ಸೆ ಬೇಕೇ ಎಂಬ ಅನುಮಾನ ಆಮೇಲೂ ಉಳಿದಿತ್ತು. ಅದಕ್ಕೆ 2008ರ ಹೈವೆಟ್ ಅಧ್ಯಯನ ಉತ್ತರ ಕೊಟ್ಟಿತು: ಎಂಬತ್ತು ಮತ್ತು ಅದಕ್ಕೂ ಮೇಲಿನ ವಯಸ್ಸಿನ, 160 ಅಥವಾ ಅದಕ್ಕೂ ಹೆಚ್ಚು ಒತ್ತಡವಿದ್ದ 3,845 ಜನರಲ್ಲಿ ಔಷಧಿ ಪಡೆದವರ ಸಾವು ಗಣನೀಯವಾಗಿ ಕಡಿಮೆಯಾಯಿತು. ದೊಡ್ಡಪ್ಪನವರಿಗೆ ಈ ಅಧ್ಯಯನವನ್ನು ಕೂತು ಓದಿ ಹೇಳಿದೆ. ಒಪ್ಪಲು ಎರಡು ತಿಂಗಳು ತೆಗೆದುಕೊಂಡರು, ಈಗ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಾರೆ. ವಯಸ್ಸಾದವರಲ್ಲಿ ಒತ್ತಡವನ್ನು ಎಷ್ಟಕ್ಕೆ ಇಳಿಸಬೇಕೆಂಬುದು, ಎದ್ದು ನಿಂತಾಗ ತಲೆಸುತ್ತು ಬರುತ್ತದೆಯೇ ಎಂಬುದನ್ನೆಲ್ಲ ನೋಡಿ, ವೈದ್ಯರೇ ತೀರ್ಮಾನಿಸಬೇಕಾದ ವಿಷಯ.

ಮಾತ್ರೆಯ ಸಂಗತಿಗೆ ಬಂದರೆ ಯಂತ್ರ ಮನೆಗೆ ಬಂದದ್ದರಿಂದ ಹೊಸದೊಂದು ಅಪಾಯವೂ ಬಂತು. ಸಂಖ್ಯೆ ಸರಿಯಾಗಿ ಬಂದ ದಿನ "ಇವತ್ತು ಬಿಪಿ ನಾರ್ಮಲ್ ಇದೆ, ಮಾತ್ರೆ ಬೇಡ" ಎಂದು ಅಮ್ಮ ಡಬ್ಬಿಯನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದರು. ಮಾತ್ರೆಯ ಕಾರಣದಿಂದಲೇ ಅದು ಸರಿಯಾಗಿದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಮಾತ್ರೆ ಒಮ್ಮೆ ಶುರುಮಾಡಿದರೆ ಅದಕ್ಕೆ ದೇಹ ಅಂಟಿಕೊಂಡುಬಿಡುತ್ತದೆ ಎಂಬ ಭಯವೂ ಅದರ ಹಿಂದೆ ಇತ್ತು. ಕನ್ನಡಕ ತೆಗೆದರೆ ಅಕ್ಷರ ಮತ್ತೆ ಮಂಜಾಗುವುದನ್ನು ನಾವು ಕನ್ನಡಕದ ಚಟ ಎನ್ನುವುದಿಲ್ಲವಲ್ಲ. ಮಾತ್ರೆ ನಿಲ್ಲಿಸಿದಾಗ ಒತ್ತಡ ಮರಳುವುದೂ ಹಾಗೆಯೇ. ಕ್ಲೋನಿಡಿನ್‌ನಂಥ ಕೆಲವನ್ನು ತಟಕ್ಕನೆ ನಿಲ್ಲಿಸಿದರಂತೂ ಒತ್ತಡ ಮೊದಲಿಗಿಂತಲೂ ಮೇಲೆ ಚಿಮ್ಮುತ್ತದೆ. ಆದ್ದರಿಂದ ಯಂತ್ರ ನೋಡಿ ಮಾತ್ರೆಯನ್ನು ಹೆಚ್ಚುಕಡಿಮೆ ಮಾಡುವ ಕೆಲಸಕ್ಕೆ ಮನೆಯವರು ಕೈಹಾಕಬಾರದು. ಸೈಂಧವ ಲವಣಕ್ಕೆ ಬದಲಾಯಿಸಿದರೆ ಸಾಕು ಎನ್ನುವವರಿಗೂ ಇಲ್ಲೇ ಹೇಳುತ್ತೇನೆ: ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ದಿನಕ್ಕೆ ತಿನ್ನುವ ಉಪ್ಪು ಒಟ್ಟು 5 ಗ್ರಾಂ ಒಳಗಿರಬೇಕು ಎಂಬ ಮಿತಿ ಅದಕ್ಕೂ ಅನ್ವಯಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಅಡಗಿರುವುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಯಂತ್ರದ ಕೊರತೆಗಳು ಇವು. ಕೊನೆಯ ಒಂದು ಅಳತೆಯನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಪುಸ್ತಕ ಬೇಕೇ ಬೇಕು. ವೆಲ್ಕ್ರೋ ವರ್ಷದೊಳಗೆ ಸಡಿಲವಾಯಿತು. ಸೆಲ್ ಕ್ಷೀಣಿಸಿದಾಗ ಗಾಳಿ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಾಡಿ ಲಯ ತಪ್ಪಿದ್ದರೆ ಒಂದು ಚಿಹ್ನೆ ಮಿನುಗುತ್ತದೆ. ಆದರೆ ಹೃದಯದ ಲಯವೇ ಸದಾ ಏರುಪೇರಾಗಿರುವವರಲ್ಲಿ ಇಂಥ ಯಂತ್ರಗಳ ಸಂಖ್ಯೆಯನ್ನು ಅಷ್ಟಾಗಿ ನೆಚ್ಚುವಂತಿಲ್ಲ, ಹಲವು ಸಲ ಅಳೆದು ವೈದ್ಯರಿಗೆ ತೋರಿಸಬೇಕು. ಮಣಿಕಟ್ಟಿಗೆ ಕಟ್ಟುವ ಯಂತ್ರ ಅಗ್ಗವೂ ಹಗುರವೂ ಹೌದು, ಆದರೆ ಕೈ ಇಡುವ ಎತ್ತರದ ತಪ್ಪು ಅಲ್ಲಿ ಇನ್ನೂ ಹೆಚ್ಚು. ಫೋನಿನ ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಬಿಪಿ ತೋರಿಸುವ ಆ್ಯಪ್‌ಗಳನ್ನು ದಯವಿಟ್ಟು ನಂಬಬೇಡಿ. ಅಂಥದ್ದೊಂದನ್ನು ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2016ರಲ್ಲಿ ಪರೀಕ್ಷಿಸಿದಾಗ, ಒತ್ತಡ ಹೆಚ್ಚಿದ್ದ ಐವರಲ್ಲಿ ಸುಮಾರು ನಾಲ್ವರಿಗೆ ಅದು ಸರಿಯಾಗಿದೆ ಎಂದೇ ತೋರಿಸಿತ್ತು.

ದಿನಕ್ಕೆ ಹತ್ತು ಸಲ ಅಳೆದುಕೊಂಡು ಗಾಬರಿಯಾಗುವವರಿಗೆ ಈ ಯಂತ್ರ ಒಳ್ಳೆಯದಲ್ಲ, ಗಾಬರಿಯೇ ಒತ್ತಡವನ್ನು ಏರಿಸುತ್ತದೆ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಮತ್ತೆ ಅಳೆಯುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು. ಏನೂ ಇಲ್ಲದೆ ಸಂಖ್ಯೆ ಮಾತ್ರ ಹೆಚ್ಚಿದ್ದರೆ ಕೆಲವು ನಿಮಿಷ ಸುಮ್ಮನೆ ಕುಳಿತು ಮತ್ತೊಮ್ಮೆ ನೋಡಿ, ಹಾಗೆಯೇ ಇದ್ದರೆ ಅಂದೇ ವೈದ್ಯರಿಗೆ ತಿಳಿಸಬೇಕು.

ಕೊಳ್ಳುವವರು ತೋಳಿನ ಸುತ್ತಳತೆಯನ್ನು ಮನೆಯಲ್ಲೇ ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೊದಲ ದಿನ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬರುವ ತೋಳನ್ನೇ ಮುಂದೆಯೂ ಬಳಸಿ. ಎರಡರ ನಡುವೆ ಪ್ರತಿಸಲವೂ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ವೈದ್ಯರ ಗಮನಕ್ಕೆ ತನ್ನಿ. ನಮ್ಮಲ್ಲಿ ಯಂತ್ರ ಈಗ ದೇವರ ಮನೆಯ ಪಕ್ಕದ ಗೂಡಿನಲ್ಲಿದೆ, ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಮತ್ತು ದಾರ ಕಟ್ಟಿದ ಪೆನ್ನು. ಬರೆಯುವವರು ಈಗ ಅಮ್ಮನೇ. ನಿನ್ನೆ ಬೆಳಿಗ್ಗೆಯ ಸಾಲಿನಲ್ಲಿ 147/86, ಅದರ ಕೆಳಗೆ 139/84 ಎಂದಿದೆ. ಎರಡನ್ನೂ ಬರೆದಿದ್ದಾರೆ, ಯಾವುದನ್ನೂ ಹೊಡೆದುಹಾಕಿಲ್ಲ.